ತಾತನ ಪಾಸ್‌ಬುಕ್: ಮಾರುವವನೇ ದುಡ್ಡು ಕೊಡುವುದುಂಟೆ?



ಈ ವಾರದ ಅಂಚೆಯಲ್ಲಿ ಏಳನೇ ತರಗತಿಯ ಹುಡುಗನೊಬ್ಬನ ಪತ್ರ ಬಂದಿದೆ. ಅವನ ಅಜ್ಜಿಯ ಎಲೆಅಡಿಕೆ ಡಬ್ಬಿಯಲ್ಲಿ ವೈಷ್ಣೋದೇವಿಯ ಚಿತ್ರವಿರುವ ಐದು ರೂಪಾಯಿ ನಾಣ್ಯವೊಂದು ಸಿಕ್ಕಿತಂತೆ. ಅಂತಹ ನಾಣ್ಯವನ್ನು ಆನ್‌ಲೈನ್ ಹರಾಜಿಗೆ ಹಾಕಿದರೆ ಲಕ್ಷಗಟ್ಟಲೆ ಬರುತ್ತದೆಂದು ಯಾವುದೋ ವಿಡಿಯೊದಲ್ಲಿ ನೋಡಿದ್ದನಂತೆ. ಫೋಟೊ ತೆಗೆದು, ಅಪ್ಪನ ಫೋನ್ ನಂಬರಿನ ಸಮೇತ ಒಂದು ಕಡೆ ಹಾಕಿದ. ಮಾರನೆಯ ದಿನವೇ ಫೋನು ಬಂತು. "ಒಂಬತ್ತು ಲಕ್ಷಕ್ಕೆ ನಾನೇ ಕೊಳ್ಳುತ್ತೇನೆ, ಇವತ್ತೇ 1,250 ರೂಪಾಯಿ ನೋಂದಣಿ ಶುಲ್ಕ ಕಳಿಸಿ" ಎಂದು ಒಬ್ಬ ಮಹಾಶಯ ಹೇಳಿದ. ಅಜ್ಜ ಪೆನ್ಷನ್ ಹಣದಲ್ಲಿ ಕಳಿಸಲು ಸಿದ್ಧರಾಗಿದ್ದಾರೆ. ಅಮ್ಮನಿಗೆ ಯಾಕೋ ಅನುಮಾನ. "ತಾತ, ಕಳಿಸಬಹುದೇ?" ಎಂದು ಹುಡುಗ ಕೇಳಿದ್ದಾನೆ.

ಪತ್ರಿಕೆ ಅಚ್ಚಾಗಿ ಅವನ ಕೈ ಸೇರುವವರೆಗೆ ಕಾಯುವ ವಿಷಯ ಇದಲ್ಲ. ಪತ್ರದ ಕೊನೆಯಲ್ಲಿದ್ದ ನಂಬರಿಗೆ ಅಂದೇ ಸಂಜೆ ಫೋನ್ ಮಾಡಿ "ಬೇಡ" ಅಂದೆ. ಅಜ್ಜನೇ ಫೋನ್ ತೆಗೆದುಕೊಂಡರು. "ಸಾವಿರದ ಇನ್ನೂರೈವತ್ತು ತಾನೇ ಸ್ವಾಮಿ, ಬಂದರೆ ಒಂಬತ್ತು ಲಕ್ಷ, ಹೋದರೆ ಹೋಯಿತು" ಎಂದರು. ಮೊಮ್ಮಗಳ ಮದುವೆ ಮುಂದಿದೆಯಂತೆ. ಆ ಮಾತು ಕೇಳಿ ನನಗೆ ಕೋಪ ಬರಲಿಲ್ಲ, ಭಯವಾಯಿತು. ಮೋಸಗಾರನಿಗೆ ಬೇಕಾದದ್ದು ಈ "ಹೋದರೆ ಹೋಯಿತು" ಎಂಬ ಮಾತೇ. 1,250 ರೂಪಾಯಿ ಏಣಿಯ ಮೊದಲ ಮೆಟ್ಟಿಲು. ಅದು ತಲುಪಿದ ಮೇಲೆ ಜಿಎಸ್‌ಟಿ ಎಂದು ಎಂಟು ಸಾವಿರ ಕೇಳುತ್ತಾನೆ. ಆಮೇಲೆ ರಿಸರ್ವ್ ಬ್ಯಾಂಕಿನ ಅನುಮತಿ ಪತ್ರಕ್ಕೆ ಹದಿನೈದು ಸಾವಿರ. ಆಮೇಲೆ ಹಣ ತರುವ ವಾಹನಕ್ಕೆ ವಿಮೆ. "ಇಷ್ಟು ಕೊಟ್ಟಾಗಿದೆ, ಇನ್ನೊಂದು ಚೂರಿಗೆ ಹಿಂದೆಗೆದರೆ ಮೊದಲಿನದೂ ಹೋಗುತ್ತದಲ್ಲ" ಎಂದು ಮನಸ್ಸು ಒಂದೊಂದೇ ಮೆಟ್ಟಿಲು ಹತ್ತಿಸುತ್ತದೆ. ಹೋದ ಹಣವೇ ಮುಂದಿನ ಹಣವನ್ನು ಎಳೆಯುತ್ತದೆ.

ಮೊದಲು ಆ ನಾಣ್ಯದ ವಿಷಯ ತಿಳಿಯೋಣ. ಅದರ ಮೇಲೆ 2012 ಎಂಬ ಇಸವಿ ಇರುತ್ತದೆ. ಜಮ್ಮುವಿನ ಮಾತಾ ವೈಷ್ಣೋದೇವಿ ಕ್ಷೇತ್ರ ಮಂಡಳಿಗೆ 25 ವರ್ಷ ತುಂಬಿದ ನೆನಪಿಗೆ 5 ಮತ್ತು 10 ರೂಪಾಯಿಯ ನಾಣ್ಯಗಳನ್ನು ಹೊರಡಿಸಿದರು. ಒಂದೋ ಎರಡೋ ಮಾಡಿ ಪೆಟ್ಟಿಗೆಯಲ್ಲಿಟ್ಟದ್ದಲ್ಲ, ದೇಶದ ತುಂಬ ಚಲಾವಣೆಗೆ ಬಿಟ್ಟದ್ದು. ನಿಮ್ಮ ಬೀದಿಯ ಹಾಲಿನ ಅಂಗಡಿಯ ಗಲ್ಲಾದಲ್ಲಿ ಇವತ್ತೂ ಒಂದು ಸಿಕ್ಕರೆ ಆಶ್ಚರ್ಯವಿಲ್ಲ. ಟ್ರ್ಯಾಕ್ಟರ್ ಚಿತ್ರದ ಐದು ರೂಪಾಯಿ ನೋಟಿನ ಕಥೆಯೂ ಹೀಗೆಯೇ. ಅದು ಇವತ್ತಿಗೂ ಐದು ರೂಪಾಯಿಗೆ ಚಲಾವಣೆಯಲ್ಲಿರುವ ನೋಟು. ಅಂಗಡಿಯಲ್ಲಿ ಸುಲಭವಾಗಿ ಸಿಗುವ ವಸ್ತುವಿಗೆ ಒಂಬತ್ತು ಲಕ್ಷ ಕೊಡುವ ದಡ್ಡ ಈ ಲೋಕದಲ್ಲಿ ಇರಲಾರ. ಇದ್ದರೂ ಅವನ ಹತ್ತಿರ ಒಂಬತ್ತು ಲಕ್ಷ ಬಹಳ ದಿನ ಉಳಿದಿರಲಾರದು.

ಮಕ್ಕಳೇ, ಐದು ನಿಮಿಷದ ಒಂದು ಆಟ ಹೇಳುತ್ತೇನೆ. ಮನೆಯಲ್ಲಿರುವ ನಾಣ್ಯಗಳನ್ನೆಲ್ಲ ಹರಡಿಕೊಂಡು ಇಸವಿಯ ಕೆಳಗೆ ಕಣ್ಣಿಟ್ಟು ನೋಡಿ. ಚಿಕ್ಕ ಚುಕ್ಕೆ ಇದ್ದರೆ ಆ ನಾಣ್ಯ ನೋಯ್ಡಾದ ಟಂಕಸಾಲೆಯದು. ನಕ್ಷತ್ರವಿದ್ದರೆ ಹೈದರಾಬಾದಿನದು, ವಜ್ರದ ಆಕಾರವಿದ್ದರೆ ಮುಂಬಯಿಯದು. ಏನೂ ಇಲ್ಲದಿದ್ದರೆ ಕೋಲ್ಕತ್ತದ್ದು. ನಾಣ್ಯ ಸಂಗ್ರಹಿಸುವವರು ಇಂಥ ಗುರುತು, ಇಸವಿ, ಎಷ್ಟು ಸವೆದಿದೆ, ಎಷ್ಟು ಅಪರೂಪ ಎಂದೆಲ್ಲ ನೋಡಿ ಬೆಲೆ ಕಟ್ಟುತ್ತಾರೆ. ಫೋಟೊ ನೋಡಿದ ಮರುಕ್ಷಣ ಲಕ್ಷ ಎನ್ನುವವನು ನಾಣ್ಯವನ್ನು ನೋಡಿಯೇ ಇಲ್ಲ, ನಿಮ್ಮನ್ನು ನೋಡಿದ್ದಾನೆ. ಅಜ್ಜಂದಿರ ಪೆಟ್ಟಿಗೆಯಲ್ಲಿರುವ ತೂತಿನ ಕಾಸೂ ಅಷ್ಟೇ. 1943ರಿಂದ ಕೆಲವೇ ವರ್ಷ ಅಚ್ಚಾದರೂ ಲೆಕ್ಕವಿಲ್ಲದಷ್ಟು ಅಚ್ಚಾದವು. ಹಳೆಯದೆಲ್ಲ ಅಪರೂಪವಲ್ಲ. ನಾನೂ ಹಳೆಯವನೇ, ನನಗೇನು ಬೆಲೆ ಹೇಳಿ!

ರಿಸರ್ವ್ ಬ್ಯಾಂಕಿನ ಹೆಸರು ಈ ಮೋಸದಲ್ಲಿ ಎಷ್ಟು ಬಳಕೆಯಾಯಿತೆಂದರೆ, 2021ರ ಆಗಸ್ಟಿನಲ್ಲಿ ಆ ಬ್ಯಾಂಕೇ ಪ್ರಕಟಣೆ ಹೊರಡಿಸಿ ಎಚ್ಚರಿಸಬೇಕಾಯಿತು. ಹಳೆಯ ನೋಟು, ನಾಣ್ಯಗಳ ಇಂಥ ವ್ಯವಹಾರದಲ್ಲಿ ತಾನಿಲ್ಲ, ಶುಲ್ಕವನ್ನಾಗಲಿ ಕಮಿಷನ್ನನ್ನಾಗಲಿ ತಾನು ಕೇಳುವುದಿಲ್ಲ, ತನ್ನ ಪರವಾಗಿ ವಸೂಲು ಮಾಡಲು ಯಾರಿಗೂ ಅಧಿಕಾರ ಕೊಟ್ಟಿಲ್ಲ ಎಂದು ಅದು ಸ್ಪಷ್ಟಪಡಿಸಿತು. ಆದ್ದರಿಂದ ರಿಸರ್ವ್ ಬ್ಯಾಂಕಿನ ಮೊಹರು, ಸಹಿ ಇರುವ ಕಾಗದವನ್ನು ಯಾರಾದರೂ ವಾಟ್ಸ್ಆ್ಯಪಿನಲ್ಲಿ ಕಳಿಸಿ ಹಣ ಕೇಳಿದರೆ ಅದು ಖೋಟಾ ಕಾಗದ. ಇನ್ನು ಜಿಎಸ್‌ಟಿ. ಎಲೆಅಡಿಕೆ ಡಬ್ಬಿಯ ಒಂದು ನಾಣ್ಯ ಮಾರುವ ಅಜ್ಜಿ ವ್ಯಾಪಾರಿಯಲ್ಲ. ತೆರಿಗೆಯನ್ನು ಯಾರದೋ ಫೋನ್ ನಂಬರಿಗೆ ಕಟ್ಟುವ ಪದ್ಧತಿಯಂತೂ ನಮ್ಮ ದೇಶದಲ್ಲಿಲ್ಲ.

ಹಿರಿಯರಿಗೆ ದನದ ಜಾತ್ರೆ ನೆನಪಿರಬೇಕು. ಘಾಟಿ ಸುಬ್ರಹ್ಮಣ್ಯದಂಥ ಜಾತ್ರೆಗಳಲ್ಲಿ ಟವೆಲಿನ ಮರೆಯಲ್ಲಿ ಬೆರಳು ಹಿಡಿದು ಬೆಲೆ ಕುದುರಿಸುತ್ತಿದ್ದರು. ಕುದುರಿದ ಮೇಲೆ ಕೊಳ್ಳುವವನು ಒಂದಿಷ್ಟು ಹಣ ಮುಂಗಡ ಕೊಡಬೇಕು. ಅದಕ್ಕೆ ಸಂಚಕಾರ ಎನ್ನುತ್ತಾರೆ. ಗುರುತಿಲ್ಲದವನ ಮಾತಿಗೆ ತೂಕ ಬರುತ್ತಿದ್ದದ್ದು ಆ ಸಂಚಕಾರದಿಂದ. ಬ್ಯಾಂಕಿನಲ್ಲೂ ಇದೇ ಕ್ರಮ. ಬಿಡಿಸಿಕೊಳ್ಳದೆ ಉಳಿದ ಒಡವೆಗಳ ಹರಾಜು ನಮ್ಮ ಶಾಖೆಯಲ್ಲಿ ನಡೆದಾಗ, ಠೇವಣಿ ಕಟ್ಟಿದವರಿಗೆ ಮಾತ್ರ ಕೂಗುವ ಹಕ್ಕು. ಎಷ್ಟು ದೊಡ್ಡ ಕಾರಿನಲ್ಲಿ ಬಂದರೂ ಅಷ್ಟೇ. ನೋಡಿ, ಎರಡು ಕಡೆಯೂ ಹಣ ಮೊದಲು ಹೊರಡುವುದು ಕೊಳ್ಳುವವನ ಜೇಬಿನಿಂದ. ಮಾರುವವನಿಂದಲೇ ಸಂಚಕಾರ ಕೇಳಿದರೆ ಆ ಮಾತಿಗೆ ಕನ್ನಡದಲ್ಲಿ ಇನ್ನೊಂದು ಅರ್ಥವೂ ಇದೆಯಲ್ಲ, "ಪ್ರಾಣಕ್ಕೆ ಸಂಚಕಾರ" ಎನ್ನುವಾಗಿನದು, ಆ ಅರ್ಥವೇ ನಿಜವಾಗುತ್ತದೆ.

ಆನ್‌ಲೈನ್ ಹರಾಜಿನಲ್ಲಿ ಎಷ್ಟೋ ಕಡೆ ಈ ಠೇವಣಿ ಇಲ್ಲ. ನಿನ್ನೆ ಖಾತೆ ತೆರೆದವನೂ ಇವತ್ತು ಎಷ್ಟು ಬೇಕಾದರೂ ಕೂಗಬಹುದು. ಹಾಗಾಗಿ ಅತಿ ಹೆಚ್ಚು ಕೂಗಿದವನು ಒಳ್ಳೆಯ ಗಿರಾಕಿ ಎಂದುಕೊಳ್ಳಬೇಡಿ. ಅವನು ಹಿಂದೆ ಏನಾದರೂ ಕೊಂಡಿದ್ದಾನೆಯೇ, ಅವನಿಗೆ ಮಾರಿದವರು ಏನು ಬರೆದಿದ್ದಾರೆ ಎಂಬುದನ್ನು ನೋಡಿ. ಉಳಿದವರು ಮುನ್ನೂರರ ಆಸುಪಾಸಿನಲ್ಲಿ ನಿಂತಾಗ ಒಬ್ಬನೇ ಮೂರು ಸಾವಿರಕ್ಕೆ ಹಾರಿದರೆ ಸಂತೋಷಪಡುವ ಮೊದಲು ಯೋಚಿಸಿ. "ಆ ಸೈಟು ಬೇಡ, ನನ್ನ ವಾಟ್ಸ್ಆ್ಯಪಿಗೆ ಬನ್ನಿ" ಎಂದರೆ ಹೋಗಬೇಡಿ. ಸೈಟಿನೊಳಗೆ ನಡೆದ ಮಾತಿಗೆ ದಾಖಲೆ ಇರುತ್ತದೆ, ಅವನಿಗೆ ಬೇಡವಾದದ್ದು ಆ ದಾಖಲೆಯೇ. "ಇನ್ನು ಅರ್ಧ ಗಂಟೆಯಲ್ಲಿ ನಮ್ಮ ಹುಡುಗ ಬರುತ್ತಾನೆ" ಎಂಬ ಅವಸರವೂ ಹಾಗೆಯೇ. ನಿಜವಾದ ಗಿರಾಕಿ ಚೌಕಾಸಿ ಮಾಡುತ್ತಾನೆ, ಇನ್ನೂ ನಾಲ್ಕು ಫೋಟೊ ಕೇಳುತ್ತಾನೆ, ತಲೆ ತಿನ್ನುತ್ತಾನೆ. ತಲೆ ತಿನ್ನದೆ ಒಪ್ಪುವವನನ್ನು ಕಂಡರೇ ನನಗೆ ಅನುಮಾನ.

ನಾಣ್ಯ ಬಿಡಿ, ಹಳೆಯ ಸೈಕಲ್ಲು, ಮಂಚ, ಹೊಲಿಗೆ ಯಂತ್ರ ಮಾರುವಾಗಲೂ ಇವರು ಬರುತ್ತಾರೆ. ಕೆಲವರು ಸೈನ್ಯದಲ್ಲಿದ್ದೇನೆ ಎನ್ನುತ್ತಾರೆ, ಸಮವಸ್ತ್ರದ ಫೋಟೊ, ಗುರುತಿನ ಚೀಟಿ ಕಳಿಸುತ್ತಾರೆ. ಸೈನಿಕರ ಮೇಲೆ ನಮಗಿರುವ ಗೌರವವೇ ಅವರ ಬಂಡವಾಳ. ನೋಡಲು ಬರುವುದಿಲ್ಲ, ಬೆಲೆ ಚರ್ಚಿಸುವುದಿಲ್ಲ, ಕೂಡಲೇ ಒಂದು ಕ್ಯೂಆರ್ ಕೋಡ್ ಕಳಿಸಿ, "ಇದನ್ನು ಸ್ಕ್ಯಾನ್ ಮಾಡಿ ಪಿನ್ ಒತ್ತಿ, ಹಣ ನಿಮ್ಮ ಖಾತೆಗೆ ಬರುತ್ತದೆ" ಎನ್ನುತ್ತಾರೆ.

ಮಕ್ಕಳೇ, ಇದನ್ನು ಅಜ್ಜ ಅಜ್ಜಿಗೆ ನೀವೇ ಓದಿ ಹೇಳಿ, ಎರಡು ಸಲ. ಯುಪಿಐ ಪಿನ್ ಬೇಕಾಗುವುದು ನಮ್ಮ ಖಾತೆಯಿಂದ ಹಣ ಹೊರಗೆ ಹೋಗಲು, ಇಲ್ಲವೇ ನಮ್ಮ ಖಾತೆಯಲ್ಲಿ ಎಷ್ಟಿದೆ ಎಂದು ನೋಡಲು. ಹಣ ಒಳಗೆ ಬರಲು ಪಿನ್ ಬೇಡ, ಸ್ಕ್ಯಾನೂ ಬೇಡ. ನಮ್ಮ ಕಾಲಕ್ಕೆ ತಕ್ಕ ಹಾಗೆ ಹೇಳಬೇಕೆಂದರೆ ಪಿನ್ ಎಂದರೆ ಚೆಕ್ಕಿನ ಮೇಲಿನ ಸಹಿ. ನಿಮಗೆ ಯಾರೋ ಹಣ ಕಟ್ಟುವಾಗ ನಿಮ್ಮ ಚೆಕ್ಕಿಗೆ ನೀವು ಸಹಿ ಹಾಕುತ್ತೀರಾ?

ಇನ್ನೊಂದು ಉಪಾಯ ಮೆಸೇಜಿನದು. ನೀವು ಸೈಕಲ್ಲಿಗೆ 1,500 ಹೇಳಿರುತ್ತೀರಿ. "ತಮ್ಮ ಖಾತೆಗೆ 15,000 ಜಮಾ ಆಗಿದೆ" ಎಂಬ ಮೆಸೇಜು ಬರುತ್ತದೆ. ಹಿಂದೆಯೇ ಆ ಕಡೆಯಿಂದ ಅಳುವ ಧ್ವನಿ: "ಅಯ್ಯೋ ಅಂಕಲ್, ಒಂದು ಸೊನ್ನೆ ಜಾಸ್ತಿ ಬಿತ್ತು, ಆಸ್ಪತ್ರೆಗೆ ಇಟ್ಟ ಹಣ, ಉಳಿದದ್ದು ವಾಪಸು ಕಳಿಸಿ." ಸಜ್ಜನರು ಗಾಬರಿಯಾಗಿ 13,500 ಕಳಿಸುತ್ತಾರೆ. ಆಮೇಲೆ ನೋಡಿದರೆ ಖಾತೆಗೆ ಒಂದು ಪೈಸೆಯೂ ಬಂದಿರುವುದಿಲ್ಲ. ಮೆಸೇಜು ಬ್ಯಾಂಕಿನದಲ್ಲ, ಅವನೇ ಟೈಪು ಮಾಡಿದ್ದು. ಹಣ ಕಳಿಸಿದ ಪರದೆಯ ಫೋಟೊ ತೋರಿಸುವುದೂ ಇದೇ ಜಾತಿಯದು. ಚೆಕ್ಕಿನಲ್ಲೂ ಈ ಆಟ ಉಂಟು. ಹೆಚ್ಚು ಮೊತ್ತದ ಚೆಕ್ಕು ಕೊಟ್ಟು, ಮಿಕ್ಕಿದ್ದನ್ನು ಈಗಲೇ ವಾಪಸು ಕೊಡಿ ಎನ್ನುವುದು. ಚೆಕ್ಕು ಕಟ್ಟಿದ ಮಾತ್ರಕ್ಕೆ ಹಣ ನಿಮ್ಮದಾಗುವುದಿಲ್ಲ. ಅದು ಕ್ಲಿಯರಿಂಗಿಗೆ ಹೋಗಿ ಆ ಕಡೆಯ ಬ್ಯಾಂಕು ಒಪ್ಪಬೇಕು. ಒಪ್ಪದಿದ್ದರೆ ಚೆಕ್ಕು ಹಿಂದಕ್ಕೆ ಬರುತ್ತದೆ, ನೀವು ಕೊಟ್ಟ ನಗದು ಬರುವುದಿಲ್ಲ. ಕೌಂಟರಿನ ಆಚೆ ನಿಂತವರಿಗೆ ಇದನ್ನು ಹೇಳಿ ಹೇಳಿ ನನ್ನ ಗಂಟಲು ಒಣಗಿದ ದಿನಗಳಿವೆ. ಮೆಸೇಜು ನಂಬಬೇಡಿ, ಫೋಟೊ ನಂಬಬೇಡಿ. ಪಾಸ್‌ಬುಕ್ಕು ಹಾಕಿಸಿ ಇಲ್ಲವೇ ಬ್ಯಾಂಕಿನ ಆ್ಯಪ್ ತೆರೆದು ಶಿಲ್ಕು ನೋಡಿ. ಸೈಕಲ್ಲು ಗೇಟು ದಾಟುವುದು ಅದಾದ ಮೇಲೆ.

ಹಾಗಾದರೆ ನಿಜವಾಗಿ ಬೆಲೆಬಾಳುವ ನಾಣ್ಯ ಮನೆಯಲ್ಲಿದ್ದರೆ? ಇರಬಹುದು. ಹಳೆಯ ನಾಣ್ಯಗಳ ಹರಾಜು ನಡೆಸುವ ಸಂಸ್ಥೆಗಳು ಬೆಂಗಳೂರಿನಲ್ಲೇ ಇವೆ, ನಾಣ್ಯ ಪ್ರದರ್ಶನಗಳೂ ನಡೆಯುತ್ತವೆ. ಮನೆಯ ದೊಡ್ಡವರೊಬ್ಬರು ಖುದ್ದಾಗಿ ಹೋಗಿ ಇಬ್ಬರು ಮೂವರಿಗೆ ತೋರಿಸಲಿ. ಕಮಿಷನ್ ಇದ್ದರೆ ಮಾರಿದ ಹಣದಲ್ಲಿ ಹಿಡಿದುಕೊಂಡು ಉಳಿದದ್ದು ಕೊಡಲಿ. ನಾಣ್ಯವನ್ನು ಒಪ್ಪಿಸಿದರೆ ರಸೀತಿ ಬೇಕೇ ಬೇಕು. ಹೊರದೇಶದ ಗಿರಾಕಿ ಟಿಪ್ಪುವಿನ ಕಾಲದ ಆನೆಯ ಚಿತ್ರದ ತಾಮ್ರದ ಕಾಸನ್ನು ಅಂಚೆಯಲ್ಲಿ ಕಳಿಸಿ ಎಂದರೆ ಒಪ್ಪಬೇಡಿ. ನೂರು ವರ್ಷ ದಾಟಿದ ನಾಣ್ಯ 1972ರ ಪ್ರಾಚ್ಯವಸ್ತು ಕಾಯ್ದೆಯಡಿ ಬರುತ್ತದೆ, ಅದನ್ನು ನಾವು ನೀವು ದೇಶದಾಚೆಗೆ ಕಳಿಸುವಂತಿಲ್ಲ.

ಯಾರಾದರೂ ಈಗಾಗಲೇ ಹಣ ಕಳಿಸಿಬಿಟ್ಟಿದ್ದರೆ ಬೈಯುತ್ತಾ ಕೂರಬೇಡಿ. ಬೈಗುಳಕ್ಕೆ ಹೆದರಿ ಎಷ್ಟೋ ಹಿರಿಯರು ವಿಷಯ ಮುಚ್ಚಿಡುತ್ತಾರೆ, ಅಷ್ಟರಲ್ಲಿ ಹಣ ಖಾತೆಯಿಂದ ಖಾತೆಗೆ ದಾಟಿಹೋಗಿರುತ್ತದೆ. ಮೊದಲು 1930ಕ್ಕೆ ಫೋನ್ ಮಾಡಿ. ಹಣ ಮೋಸಗಾರನ ಖಾತೆಯಲ್ಲಿ ಇನ್ನೂ ಇದ್ದರೆ ಅದನ್ನು ಅಲ್ಲೇ ತಡೆಹಿಡಿಯಲು ಸಾಧ್ಯ. ದಿನಾಂಕ, ಮೊತ್ತ, ಯುಪಿಐ ವ್ಯವಹಾರದ 12 ಅಂಕಿಯ ಸಂಖ್ಯೆ ಕೈಯಲ್ಲಿರಲಿ. ಆ ಸಂಖ್ಯೆಯನ್ನು ಆ್ಯಪಿನಲ್ಲಿ ಹುಡುಕಿಕೊಡುವುದು ಮೊಮ್ಮಕ್ಕಳ ಕೆಲಸ. ಬಳಿಕ ನಿಮ್ಮ ಬ್ಯಾಂಕಿಗೂ ಬರವಣಿಗೆಯಲ್ಲಿ ದೂರು ಕೊಟ್ಟು, ಸ್ವೀಕೃತಿ ಮುದ್ರೆ ಹಾಕಿಸಿದ ಪ್ರತಿ ಇಟ್ಟುಕೊಳ್ಳಿ.

ಆ ಹುಡುಗನ ಪತ್ರದಲ್ಲಿ ಇನ್ನೊಂದು ಸಾಲಿತ್ತು, ಅದಕ್ಕೂ ಉತ್ತರಿಸುತ್ತೇನೆ. ಅಜ್ಜಿಯ ಹಳೆಯ ತಾಮ್ರದ ಕಾಸುಗಳನ್ನು ಹುಣಸೆಹಣ್ಣು ಹಾಕಿ ತಿಕ್ಕಿ ಹೊಳೆಯುವಂತೆ ಮಾಡಲೇ ಎಂದು ಕೇಳಿದ್ದಾನೆ. ಬೇಡ ಮಗು. ಚೊಂಬು ತಿಕ್ಕು, ಕಾಸು ತಿಕ್ಕಬೇಡ. ಸಂಗ್ರಹಿಸುವವರಿಗೆ ಬೇಕಾದದ್ದು ಆ ಹಳೆಯ ಬಣ್ಣವೇ. ಒಂದೊಂದನ್ನೂ ಬೇರೆ ಬೇರೆ ಕಾಗದದ ಲಕೋಟೆಯಲ್ಲಿಟ್ಟು, ಎಲ್ಲಿ ಸಿಕ್ಕಿತು, ಯಾರು ಕೊಟ್ಟರು ಎಂದು ಅಜ್ಜಿಯನ್ನು ಕೇಳಿ ಮೇಲೆ ಬರೆದಿಡು.