ನಾಲ್ಕೂವರಿ ತಾಸು ಯಾರಿಗೆ?

ನಮ್ಮ ವೈನಿ ಹೋದ ವಾರ ಮಗಳ ಬಾಣಂತನಕ್ಕಂತ ಸಿಂಗಾಪುರಕ್ಕ ಹೋದ್ರು. ಟಿಕೀಟು ತಗಿಸಿದ ಅಳಿಯ ಫೋನಿನ್ಯಾಗ, "ಚಿಂತಿ ಮಾಡಬ್ಯಾಡ್ರಿ ಅತ್ಯಾ, ಬೆಂಗಳೂರಿಂದ ಬರೇ ನಾಲ್ಕೂವರಿ ತಾಸು. ನೀವು ಧಾರವಾಡದಿಂದ ಬೆಂಗಳೂರಿಗೆ ಬರ್ಲಿಕ್ಕೇ ಇದಕ್ಕಿಂತ ಜಾಸ್ತಿ ಹತ್ತತದ" ಅಂದಾ.

ಮಾತು ಸುಳ್ಳಲ್ಲ. ಬೆಂಗಳೂರಿಂದ ಸಿಂಗಾಪುರ ಆಕಾಶದಾಗ ಸೀದಾ ಗೆರಿ ಎಳದ್ರ ಸುಮಾರು 3,170 ಕಿಲೋಮೀಟರ್. ವಿಮಾನಕ್ಕ ನಾಲ್ಕೂವರಿ ತಾಸು. ಆದ್ರ ನಮ್ಮ ವೈನಿ ವಿಮಾನ ಅಲ್ಲಲ್ರೀ! ಅರವತ್ನಾಲ್ಕು ವರ್ಷ, ಮೊಣಕಾಲ ನೋವು ಬ್ಯಾರೆ. ಧಾರವಾಡದಾಗ ಮಧ್ಯಾಹ್ನ ಲಗೂನ ಉಂಡು ರೈಲು ಹತ್ತಿದ್ರ ಬೆಂಗಳೂರು ಮುಟ್ಟೂದ್ರಾಗ ಕತ್ತಲಾತು. ಅಲ್ಲಿಂದ ದೇವನಹಳ್ಳಿ ಮತ್ತ ಮೂವತ್ತೈದು ಕಿಲೋಮೀಟರ್. ಪರದೇಶದ ವಿಮಾನಕ್ಕ ಮೂರು ತಾಸು ಮೊದಲ ಹೋಗಿ ಕೂಡಬೇಕು. ಇಳದ ಮ್ಯಾಲೆ ಪಾಸ್‌ಪೋರ್ಟಿನ ಪಾಳಿ, ಸಾಮಾನಿನ ಹಾದಿ ಕಾಯೂದು. ಹೊಸ್ತಿಲದಿಂದ ಹೊಸ್ತಿಲಕ್ಕ ಲೆಕ್ಕಾ ಹಾಕಿದ್ರ ಹದಿನೆಂಟು ತಾಸು ದಾಟಿತು.

ಟಿಕೀಟು ನೋಡಿ ವೈನಿಗೆ ಇನ್ನೊಂದು ಗಾಬರಿ. ರಾತ್ರಿ 12.30ಕ್ಕ ಬಿಟ್ಟು ಮುಂಜಾನೆ 7.30ಕ್ಕ ಮುಟ್ಟೂದು ಅಂತ ಇತ್ತು. "ಏಳು ತಾಸಾತಲ್ಲ, ಅಳಿಯ ಸುಳ್ಳ ಯಾಕ ಹೇಳಿದಾ?" ಅಂದ್ರು. ಸಿಂಗಾಪುರದ ಗಡಿಯಾರ ನಮಗಿಂತ ಎರಡೂವರಿ ತಾಸು ಮುಂದ. ಬರೂವಾಗ ಉಲ್ಟಾ, ಎರಡ ತಾಸಿನ್ಯಾಗ ಬಂದಂಗ ಕಾಣಸ್ತದ. ಸೂರ್ಯನ ಲೆಕ್ಕಾ ಹಿಡದ್ರ ಫರಕು ಒಂದೂ ಮುಕ್ಕಾಲು ತಾಸು ಅಷ್ಟ. ಅವರು 1982ರಾಗ ಗಡಿಯಾರಾ ಮತ್ತ ಅರ್ಧಾ ತಾಸು ಮುಂದ ಮಾಡ್ಕೊಂಡಾರ. ಹಿಂಗಾಗಿ ಅಲ್ಲೆ ಹೊತ್ತು ಹುಟ್ಟೂದು ಏಳರ ಸುಮಾರಿಗೆ. ಆರಕ್ಕೆದ್ದು ರಂಗೋಲಿಗೆ ಬಾಗಲಾ ತಗದ್ರ ಗವ್ವಂತ ಕತ್ತಲಿ. ಬಿ.ಪಿ. ಗುಳಿಗಿ ಯಾವ ಗಡಿಯಾರ ನೋಡಿ ನುಂಗಬೇಕು ಅಂತ ಡಾಕ್ಟರಿಗೆ ಮೊದಲ ಕೇಳ್ಕೊಂಡು ಹೋಗೂದು ಛಲೋ. (ಅಂಟಿನುಂಡಿಗೆ ಗಸಗಸಿ ಮಾತ್ರ ಹಾಕಬ್ಯಾಡ್ರಿ, ಆ ದೇಶದಾಗ ಗಸಗಸಿಗೆ ನಿಷೇಧ ಅದ.)

ನನಗ ಸಿಟ್ಟು ಬರೂದು ಸೋವಿ ಟಿಕೀಟಿನ ಮ್ಯಾಲೆ. ಹೋದ ವರ್ಷ ನನ್ನ ಮಗಾ ಕ್ವಾಲಾಲಂಪುರದಾಗ ವಿಮಾನ ಬದಲಸೂ ಟಿಕೀಟು ತಗದಿದ್ದಾ. ಐದು ಸಾವಿರ ರೂಪಾಯಿ ಉಳೀತು ಖರೆ. ಅಲ್ಲೆ ಆರು ತಾಸು ಕಬ್ಬಿಣದ ಕುರ್ಚಿ ಮ್ಯಾಲೆ ಕೂತೆ. ಶೌಚಕ್ಕ ಹೋದ್ರ ಚೀಲ ಯಾರ ಹತ್ರ ಬಿಡೂದು, ಕರದದ್ದು ಕೇಳಸಲಿಲ್ಲಂದ್ರ ಹ್ಯಾಂಗ ಅಂತ ನೀರು ಸುದ್ಧಾ ಕುಡೀಲಿಲ್ಲ. ಮಗಾ ಕೇಳಿದಾಗ "ಏನೂ ತ್ರಾಸಾಗಲಿಲ್ಲಪಾ" ಅಂದೆ. ನಾವೆಲ್ಲಾ ಹಂಗ ಅನ್ನೂದು. ಅದಕ್ಕ ಮಕ್ಕಳಿಗೆ ಗೊತ್ತಾಗೂದಿಲ್ಲ, ತಪ್ಪು ನಮ್ದೂ ಅದ.

ಹೆಣ್ಣುಮಕ್ಕಳ, ನಿಮ್ಮ ಅವ್ವ, ಅತ್ತಿನ್ನ ಕರಸ್ಕೋರಿ, ಬ್ಯಾಡನ್ನೂದಿಲ್ಲ. ಆದ್ರ ಸೀದಾ ಹೋಗೂ ವಿಮಾನಾನ ನೋಡ್ರಿ. ಒಂದು ದಿನ ಮೊದಲ ಬೆಂಗಳೂರಿಗೆ ಬಂದು ಯಾರ ಮನ್ಯಾಗರ ಮಲಗಲಿ. ವ್ಹೀಲ್‌ಚೇರ್ ಟಿಕೀಟು ತಗಿಯೂವಾಗನ ಬರಸ್ರಿ, "ನನಗೇನಾಗೇದ?" ಅಂತ ಆಕಿ ಜಗಳಾ ತಗದ್ರೂ ಬರಸ್ರಿ. ಹೋದ ಮರುದಿನಾನ ಸೌಟು ಕೈಯಾಗ ಕೊಡಬ್ಯಾಡ್ರಿ.

ವೈನಿ ಮುಟ್ಟಿ ಫೋನ್ ಮಾಡಿದ್ರು. ಕೂಸು ಬರ್ಲಿಕ್ಕೆ ಇನ್ನೂ ಹತ್ತು ದಿನ ಅದಂತ. ಎರಡು ದಿನ ತಾನ ಅಡಗಿ ಮಾಡ್ತೀನಿ ಅಂತ ಅಳಿಯ ಹೇಳ್ಯಾನ. ವೈನಿಗೆ ಈಗ ಅದರದ ಚಿಂತಿ.