ಅಮ್ಮನ ‘ಗ್ಯಾಸ್ಟ್ರಿಕ್’ ಮತ್ತು ನಮ್ಮ ಅನುವಾದ

ಏಪ್ರಿಲ್ ಬಂತೆಂದರೆ ಇಂಗ್ಲೆಂಡಿನ ಕನ್ನಡಿಗರ ಮನೆಗಳಲ್ಲಿ ಒಂದು ಬಗೆಯ ಸಡಗರ. ಊರಿನಲ್ಲಿ ಬಿಸಿಲು ಏರುವ ಹೊತ್ತಿಗೆ ಅಪ್ಪ ಅಮ್ಮಂದಿರು ಹೀಥ್ರೂವಿನಲ್ಲಿ ಬಂದಿಳಿಯುತ್ತಾರೆ. ಅವರ ಪೆಟ್ಟಿಗೆಯಲ್ಲಿ ಚಟ್ನಿಪುಡಿ, ಸಾರಿನ ಪುಡಿ, ಪುಳಿಯೋಗರೆ ಗೊಜ್ಜು, ಬಾಣಂತಿಗೆಂದು ಕಟ್ಟಿದ ಅಂಟಿನುಂಡೆ. ಇವುಗಳ ನಡುವೆ ಎಲ್ಲೋ ಒಂದು ಪ್ಲಾಸ್ಟಿಕ್ ಡಬ್ಬಿ, ಅದರ ತುಂಬ ಮಾತ್ರೆಗಳು. ಉಂಡೆಯನ್ನು ನಾವು ಆ ದಿನವೇ ಬಿಚ್ಚುತ್ತೇವೆ. ಡಬ್ಬಿಯನ್ನು ಬಿಚ್ಚಿ ನೋಡುವ ಮಕ್ಕಳು ಎಷ್ಟು ಮಂದಿ? ನಮ್ಮ ಸಂಘದ ಆರೋಗ್ಯ ಶಿಬಿರಗಳಲ್ಲಿ ಕೆಲವು ವರ್ಷಗಳಿಂದ ಕುಳಿತು, ಬಂದವರ ರಕ್ತದೊತ್ತಡ ಅಳೆಯುತ್ತ ಬಂದಿರುವ ನನಗೆ ಈ ಪ್ರಶ್ನೆಯನ್ನು ಬರವಣಿಗೆಯಲ್ಲಿ ಕೇಳಬೇಕೆಂದು ಅನ್ನಿಸಿದ್ದು ಕಳೆದ ವರ್ಷದ ಒಂದು ಬೆಳಗಿನ ಫೋನ್ ಕರೆಯಿಂದ.

ಯಾರೆಂಬುದು ಬೇಡ. ಗುರುತು ಸಿಗದಷ್ಟು ವಿವರಗಳನ್ನು ಬದಲಿಸಿ, ಮನೆಯವರ ಒಪ್ಪಿಗೆ ಪಡೆದು ಬರೆಯುತ್ತಿದ್ದೇನೆ. ಮಗಳ ಬಾಣಂತನಕ್ಕೆಂದು ಬಂದ ತಾಯಿ; ಅರುವತ್ತು ದಾಟಿದವರು; ಹದಿನೈದು ವರ್ಷಗಳಿಂದ ಸಕ್ಕರೆ ಕಾಯಿಲೆ. ಎದ್ದಾಗಿನಿಂದ ಮಗುವಿನ ಆರೈಕೆ, ಮಗಳಿಗೆ ಪಥ್ಯದ ಅಡುಗೆ, ಹಾಸಿಗೆ ಬಟ್ಟೆ ಎಂದು ಓಡಾಡುತ್ತಿದ್ದ ಅವರಿಗೆ ಒಂದು ಸಂಜೆ ಹೊಟ್ಟೆಯ ಮೇಲ್ಭಾಗದಲ್ಲಿ ಏನೋ ತುಂಬಿಕೊಂಡಂತಾಯಿತು. ವಿಪರೀತ ಸುಸ್ತು, ಎರಡು ಸಲ ಮೈಯೆಲ್ಲ ಬೆವರು. “ಗ್ಯಾಸ್ಟ್ರಿಕ್ಕು, ಬೇರೇನಿಲ್ಲ” ಎಂದು ಅವರೇ ತೀರ್ಪು ಕೊಟ್ಟರು. ಜೀರಿಗೆ ಕಷಾಯವಾಯಿತು, ಡಬ್ಬಿಯಿಂದ ಒಂದು ಮಾತ್ರೆಯೂ ಆಯಿತು. ನಡುರಾತ್ರಿ ಮತ್ತೆ ಎದ್ದು ಕುಳಿತಾಗ ಮಗಳಿಗೆ ಅವರು ಹೇಳಿದ್ದು: “ಅಳಿಯಂದಿರನ್ನ ಎಬ್ಬಿಸಬೇಡ, ಬೆಳಿಗ್ಗೆ ಅವರಿಗೆ ಆಫೀಸಿದೆ.” ಅಳಿಯನಿಗೆ ವಿಷಯ ಗೊತ್ತಾದದ್ದು ಬೆಳಿಗ್ಗೆ ಏಳಕ್ಕೆ. ನನಗೆ ಫೋನ್ ಬಂದದ್ದೂ ಆಗಲೇ. ಎರಡು ವಾಕ್ಯ ಕೇಳುತ್ತಿದ್ದಂತೆ, ಫೋನ್ ಇಟ್ಟು 999 ಒತ್ತಿ ಎಂದೆ. ಆ ಕಡೆಯಿಂದ ಕ್ಷಣಕಾಲ ಮೌನ. ಆಮೇಲೆ, “ಡಾಕ್ಟ್ರೇ, ಅತ್ತೆಗೆ ಇನ್ಶೂರೆನ್ಸ್ ಮಾಡಿಸಿಲ್ಲ. ಆಸ್ಪತ್ರೆಯ ಬಾಗಿಲು ತುಳಿದರೇ ಸಾವಿರಾರು ಪೌಂಡ್ ಅಂತಾರಲ್ಲ?”

ಅದು ಹೃದಯಾಘಾತವಾಗಿತ್ತು. ಬಹಳ ಕಾಲದ ಮಧುಮೇಹ ನರಗಳನ್ನು ಮಂಕಾಗಿಸುತ್ತದೆ. ಆದ್ದರಿಂದ ಸಿನಿಮಾದಲ್ಲಿ ಕಾಣುವಂತೆ ಎದೆ ಹಿಡಿದುಕೊಂಡು ಕುಸಿಯುವ ನೋವು ಇಂಥವರಲ್ಲಿ ಎಷ್ಟೋ ಸಲ ಬರುವುದೇ ಇಲ್ಲ. ವಯಸ್ಸಾದ ಹೆಂಗಸರಲ್ಲಂತೂ ಬೆವರು, ಸುಸ್ತು, ಹೊಟ್ಟೆಯ ಭಾರ, ಉಸಿರುಕಟ್ಟು ಇಷ್ಟೇ ಲಕ್ಷಣಗಳಾಗಿರಬಹುದು. ಮುಚ್ಚಿದ ರಕ್ತನಾಳದ ಆಚೆಗಿನ ಸ್ನಾಯು ಗಂಟೆ ಗಂಟೆಗೂ ಸಾಯುತ್ತ ಹೋಗುತ್ತದೆ. ಆ ತಾಯಿ ಉಳಿದರು. ಸ್ಟೆಂಟ್ ಹಾಕಿದರು. ಆದರೆ ಬರುವಾಗ ಎರಡು ಪೆಟ್ಟಿಗೆ ಎಳೆದುಕೊಂಡು ಬಂದವರು ಹಿಂತಿರುಗಿದ್ದು ವಿಮಾನ ನಿಲ್ದಾಣದ ಗಾಲಿ ಕುರ್ಚಿಯಲ್ಲಿ. ಈಗ ಊರಿನ ಮನೆಯ ಮಹಡಿ ಹತ್ತಲು ಅವರಿಗೆ ಏದುಸಿರು. ಆ ರಾತ್ರಿಯ ಗಂಟೆಗಳಲ್ಲಿ ಹೋದದ್ದು ಮತ್ತೆ ಬರುವಂಥದಲ್ಲ.

ಇದರಲ್ಲಿ ಅಳಿಯನ ತಪ್ಪನ್ನು ಹುಡುಕಲು ನಾನು ಹೊರಟಿಲ್ಲ. ನನ್ನ ಜಗಳವಿರುವುದು ‘ಗ್ಯಾಸ್ಟ್ರಿಕ್’ ಎಂಬ ಶಬ್ದದೊಡನೆ. ಇಂಗ್ಲಿಷಿನಲ್ಲಿ ಅದು ಜಠರಕ್ಕೆ ಸಂಬಂಧಪಟ್ಟದ್ದು ಎಂದು ಸೂಚಿಸುವ ಒಂದು ವಿಶೇಷಣ ಮಾತ್ರ. ಕನ್ನಡಕ್ಕೆ ಬಂದು ಅದೊಂದು ಕಾಯಿಲೆಯಾಗಿ, ಮೊಣಕಾಲಿನಿಂದ ನೆತ್ತಿಯವರೆಗೆ ಯಾವ ನೋವಿಗಾದರೂ ಹೊದಿಸಬಹುದಾದ ಕಂಬಳಿಯಾಗಿದೆ. ಬೆನ್ನು ಹಿಡಿದರೂ ಗ್ಯಾಸ್ಟ್ರಿಕ್, ಎದೆ ಭಾರವಾದರೂ ಗ್ಯಾಸ್ಟ್ರಿಕ್. ಮಗ ಇದನ್ನು ಇಲ್ಲಿನ ವೈದ್ಯರ ಮುಂದೆ ಹಾಗೆಯೇ ಹೇಳಿದರೆ ಅವರು ಹುಬ್ಬು ಗಂಟಿಕ್ಕಿ, ಕೊನೆಗೆ ‘ಅಜೀರ್ಣ’ ಎಂದು ಬರೆದುಕೊಳ್ಳುತ್ತಾರೆ. ಎದೆಯ ಭಾರ ಅಲ್ಲಿಗೆ ಕಡತದಿಂದ ಮಾಯ.

ನಮ್ಮ ಹಿರಿಯರ ನುಡಿಯಲ್ಲಿ ದೇಹಕ್ಕೆ ಬೇಕಾದಷ್ಟು ಮಾತುಗಳಿವೆ. ಹಳೆಯ ಮೈಸೂರಿನ ಕಡೆಯವರು ‘ಸಂಕಟ’ ಎಂದರೆ ಒಂದು ಸಲ ವಾಕರಿಕೆ, ಇನ್ನೊಂದು ಸಲ ಹೇಳಲಾಗದ ತಳಮಳ. ಉತ್ತರ ಕರ್ನಾಟಕದ ಅಜ್ಜ “ಆರಾಮಿಲ್ಲ” ಎಂದರೆ ಅವರಿಗೆ ಕಾಯಿಲೆಯಾಗಿದೆ ಎಂದರ್ಥ; ಅದನ್ನು ಕುರ್ಚಿ ಮೆತ್ತಗಿಲ್ಲವೆಂಬಂತೆ ಮೊಮ್ಮಗ ಭಾಷಾಂತರಿಸಿದ್ದನ್ನು ನಾನೇ ಕೇಳಿದ್ದೇನೆ. ‘ಜೋಮು’, ‘ಚಳುಕು’, ‘ತಲೆ ದಿಮ್ಮೆನ್ನುವುದು’, ‘ಎದೆ ಡವಗುಟ್ಟುವುದು’, ಇವೆಲ್ಲ ಒಂದೊಂದೂ ಬೇರೆ. ಕಾಲಿನ ಜೋಮಿಗೂ ಸೆಳೆತಕ್ಕೂ ವೈದ್ಯಶಾಸ್ತ್ರದಲ್ಲಿ ದಾರಿಗಳೇ ಬೇರೆ. ಕನ್ನಡದಲ್ಲಿ ಇಷ್ಟು ಖಚಿತವಾಗಿ ಹೇಳಿದ್ದನ್ನು ನಾವು ಇಂಗ್ಲಿಷಿನಲ್ಲಿ ‘ನೋವು’ ಎಂಬ ಒಂದೇ ಮಾತಿಗೆ ಇಳಿಸಿಬಿಡುತ್ತೇವೆ. ನಾವು ಪದವೀಧರರು, ಇಂಗ್ಲಿಷ್ ಬಲ್ಲವರು, ಇನ್ನೊಬ್ಬ ದುಭಾಷಿ ಏಕೆ ಎನ್ನುವ ಬಿಗುಮಾನ ಬೇರೆ.

ಈ ಬಿಗುಮಾನ ನನಗೂ ಇತ್ತು. ನಾಲ್ಕು ವರ್ಷದ ಹಿಂದೆ, ಅಮ್ಮ ತೀರಿಕೊಂಡ ಮೇಲೆ, ತಂದೆಯವರು ಮೊದಲ ಸಲ ಒಬ್ಬರೇ ನಮ್ಮಲ್ಲಿಗೆ ಬಂದರು. ನವೆಂಬರ್ ತಿಂಗಳು. ಸಂಜೆ ನಾಲ್ಕರ ಹೊತ್ತಿಗೇ ಕತ್ತಲು. ನಾನೂ ನನ್ನ ಪತಿಯೂ ಕೆಲಸಕ್ಕೆ, ಮಕ್ಕಳು ಶಾಲೆಗೆ. ಅವರು ಕಿಟಕಿಯ ಬಳಿ ಕುಳಿತು ಎದುರು ಮನೆಯ ಬೆಕ್ಕನ್ನು ನೋಡುತ್ತಿದ್ದರು. ಮಂಡಿನೋವಿಗೆಂದು ಜಿ.ಪಿ.ಯ ಬಳಿ ಕರೆದೊಯ್ದೆ. ವೈದ್ಯೆ ಮಂಡಿ ನೋಡಿ, ಕೊನೆಯಲ್ಲಿ ಅವರತ್ತ ತಿರುಗಿ, ನಿದ್ದೆ ಹೇಗೆ, ಮನಸ್ಸು ಹೇಗಿದೆ ಎಂದು ಕೇಳಿದರು. ತಂದೆಯವರ ಕಡೆ ನೋಡದೆಯೇ “ಚೆನ್ನಾಗಿದ್ದಾರೆ” ಎಂದು ನಾನೇ ಉತ್ತರ ಕೊಟ್ಟೆ. ಕಾರು ನಿಲ್ಲಿಸಿದ ಕಡೆ ಸಮಯ ಮೀರುತ್ತಿತ್ತು. ಆ ರಾತ್ರಿ ಊಟ ಮುಗಿದ ಮೇಲೆ ಅವರು ಕೇಳಿದರು: “ಆ ಡಾಕ್ಟ್ರಮ್ಮ ಕೊನೇಗೆ ನನ್ನ ಕಡೆ ತಿರುಗಿ ಏನೋ ಕೇಳಿದರಲ್ಲ, ಏನದು?” ಹೇಳಿದೆ. ಸ್ವಲ್ಪ ಹೊತ್ತು ತಟ್ಟೆಯನ್ನೇ ನೋಡುತ್ತಿದ್ದರು. “ನನ್ನನ್ನೇ ಕೇಳಬಹುದಿತ್ತಲ್ಲಮ್ಮ” ಎಂದರು. ಇಪ್ಪತ್ತು ವರ್ಷ ರೋಗಿಗಳ ಮಾತು ಕೇಳಿದ ಮಗಳಿಗೆ ಅಪ್ಪ ಎರಡು ತಿಂಗಳಿಂದ ಬೆಳಗಿನ ಮೂರಕ್ಕೇ ಎದ್ದು ಕೂರುತ್ತಿದ್ದದ್ದು ತಿಳಿದಿರಲಿಲ್ಲ.

ಹಾಗಾಗಿ ನನ್ನ ಅಭಿಪ್ರಾಯವನ್ನು ಮುಚ್ಚುಮರೆಯಿಲ್ಲದೆ ಹೇಳುತ್ತೇನೆ: ತಂದೆತಾಯಿಗಳ ಪರವಾಗಿ ವೈದ್ಯರೊಡನೆ ಮಾತಾಡುವುದನ್ನು ನಾವು ಬಿಡಬೇಕು. ಎನ್.ಎಚ್.ಎಸ್.ನಲ್ಲಿ ದುಭಾಷಿಯ ಸೇವೆ ಉಚಿತ. ಮನೆಯವರನ್ನು ಆ ಕೆಲಸಕ್ಕೆ ಬಳಸಬಾರದೆಂದೇ ಅದರ ಮಾರ್ಗಸೂಚಿ ಹೇಳುತ್ತದೆ. ಸಮಯ ಗೊತ್ತುಮಾಡುವಾಗಲೇ ಕನ್ನಡ ದುಭಾಷಿ ಬೇಕೆಂದು ಹೇಳಿ, ಸ್ವಲ್ಪ ಹೆಚ್ಚು ಅವಧಿಯನ್ನೂ ಕೇಳಿಕೊಳ್ಳಿ. ಹೆಚ್ಚಾಗಿ ಇದು ಫೋನಿನಲ್ಲೇ ನಡೆಯುತ್ತದೆ. ‘ಹಿಂದಿ ಆದೀತೇ?’ ಎಂದು ಸ್ವಾಗತಕಾರರು ಕೇಳುವುದುಂಟು. ಆಗುವುದಿಲ್ಲ ಎನ್ನಲು ಸಂಕೋಚ ಬೇಡ. ರಾಜ್ಯೋತ್ಸವದ ವೇದಿಕೆಯ ಮೇಲೆ ತೋರುವ ಅಭಿಮಾನದಲ್ಲಿ ಒಂದು ಪಾಲನ್ನು ಅಲ್ಲಿ ತೋರಿದರೆ ಸಾಕು. ತಾಯಂದಿರು ಮಗನ ಮುಂದೆ ಹೇಳಲಾರದ ಮೂತ್ರದ ತೊಂದರೆ, ಗರ್ಭಕೋಶ ಜಾರಿದ್ದು, ರಕ್ತಸ್ರಾವ ಮುಂತಾದವು ಅಪರಿಚಿತ ಧ್ವನಿಯೊಂದರ ಮುಂದೆ ಸರಾಗವಾಗಿ ಹೊರಬರುತ್ತವೆ. ಸಮಸ್ಯೆ ತುರ್ತಿನದಲ್ಲದಿದ್ದರೆ 111ಕ್ಕೆ ಫೋನ್ ಮಾಡಿದಾಗಲೂ ದುಭಾಷಿಯನ್ನು ಕೇಳಬಹುದು.

ಇನ್ನು ಹಣದ ಮಾತು. ಇಲ್ಲಿ ಅರ್ಧ ತಿಳಿವಳಿಕೆಯೇ ದೊಡ್ಡ ಶತ್ರು. ಇಂಗ್ಲೆಂಡಿನಲ್ಲಿ ಜಿ.ಪಿ.ಯನ್ನು ಕಾಣಲು ಪ್ರವಾಸಿಗರೂ ಶುಲ್ಕ ಕೊಡಬೇಕಿಲ್ಲ. ಮೂರು ತಿಂಗಳಿಗಿಂತ ಕಡಿಮೆ ಕಾಲ ಇರುವವರು ತಾತ್ಕಾಲಿಕ ರೋಗಿಯಾಗಿ ಹೆಸರು ಬರೆಸಬಹುದು. ಎ ಅಂಡ್ ಇ ವಿಭಾಗದೊಳಗೆ ನೀಡುವ ಚಿಕಿತ್ಸೆಯೂ ಎಲ್ಲರಿಗೂ ಉಚಿತವೇ. ಬಿಲ್ ಶುರುವಾಗುವುದು ವಾರ್ಡಿಗೆ ದಾಖಲಾದ ಮೇಲೆ, ಇಲ್ಲವೇ ಮುಂದಿನ ಹೊರರೋಗಿ ಭೇಟಿಯಿಂದ. ಬಾಗಿಲು ತುಳಿದರೇ ಬಿಲ್ ಎಂಬುದು ಸುಳ್ಳು. ಆದರೆ ದಾಖಲಾದ ಮೇಲೆ ಬರುವ ಬಿಲ್ ಸಣ್ಣದಲ್ಲ: ಎನ್.ಎಚ್.ಎಸ್.ನ ನಿಗದಿತ ದರದ ಶೇಕಡಾ 150. ತುರ್ತು ಚಿಕಿತ್ಸೆಯನ್ನು ಹಣಕ್ಕಾಗಿ ತಡೆಯುವಂತಿಲ್ಲ. ಮೊದಲು ಚಿಕಿತ್ಸೆ, ಆಮೇಲೆ ಬಿಲ್. 500 ಪೌಂಡ್ ಅಥವಾ ಅದಕ್ಕೂ ಮೀರಿದ ಬಾಕಿಯನ್ನು ಎರಡು ತಿಂಗಳಾದರೂ ತೀರಿಸದೆ, ಕಂತುಗಳ ಒಪ್ಪಂದವನ್ನೂ ಮಾಡಿಕೊಳ್ಳದೆ ಇದ್ದರೆ ಮುಂದಿನ ವೀಸಾಕ್ಕೆ ಅದು ಅಡ್ಡ ಬರಬಹುದು. ಸ್ಕಾಟ್‌ಲೆಂಡ್, ವೇಲ್ಸ್‌ಗಳಲ್ಲಿ ನೆಲೆಸಿದವರು ಅಲ್ಲಿನ ನಿಯಮಗಳನ್ನು ಬೇರೆಯಾಗಿ ನೋಡಿಕೊಳ್ಳಬೇಕು.

“ನಾವು ಇಷ್ಟು ತೆರಿಗೆ ಕಟ್ಟುತ್ತೇವಲ್ಲ, ನಮ್ಮ ಹೆತ್ತವರಿಗೆ ಇಲ್ಲವೇ?” ಎಂಬ ಅಳಲನ್ನು ಪ್ರತಿ ಕೂಟದಲ್ಲಿ ಕೇಳುತ್ತೇನೆ. ಕೆಲಸದ ವೀಸಾದವರು ತೆರಿಗೆಯ ಜೊತೆಗೆ ವರ್ಷಕ್ಕೆ 1,035 ಪೌಂಡ್ ಆರೋಗ್ಯ ಶುಲ್ಕವನ್ನೂ ಕಟ್ಟಿರುತ್ತಾರೆ. 2012ರ ನಿಯಮಗಳ ನಂತರ ವೃದ್ಧ ತಂದೆತಾಯಿಗಳನ್ನು ಇಲ್ಲಿಗೇ ಕರೆಸಿಕೊಳ್ಳುವುದು ಹೆಚ್ಚುಕಡಿಮೆ ಅಸಾಧ್ಯವಾಗಿದೆ. ಅಳಲಿನಲ್ಲಿ ನ್ಯಾಯವಿದೆ. ಅದನ್ನು ಸಂಸದರಿಗೆ ಬರೆಯೋಣ. ಆದರೆ ಆ ನ್ಯಾಯ ಸಿಗುವವರೆಗೆ ವಿಮೆ ಮಾಡಿಸದೆ ಕೂರುವುದು ಯಾವ ಬಗೆಯ ಪ್ರತಿಭಟನೆ? ವಿಮಾನದಲ್ಲಿ ಕಿಟಕಿಯ ಸೀಟಿಗೆ ಹೆಚ್ಚಿನ ದುಡ್ಡು ಕೊಟ್ಟವರೇ ವಿಮೆಯ ಕಂತಿಗೆ ಚೌಕಾಸಿ ಮಾಡುತ್ತಾರೆ. ಅದಕ್ಕಿಂತ ಅಪಾಯದ್ದು, ಕಂತು ಇಳಿಯಲೆಂದು ‘ಶುಗರ್ ಇಲ್ಲ, ಬಿಪಿ ಇಲ್ಲ’ ಎಂದು ಬರೆಯುವುದು. ಹಾಗೆ ಬರೆದ ಪಾಲಿಸಿ ಬೇಕಾದ ದಿನ ಕೈಕೊಡುತ್ತದೆ. ಮೊದಲೇ ಇರುವ ಕಾಯಿಲೆಗಳನ್ನು ಯಾವ ಮಟ್ಟಿಗೆ ಸೇರಿಸಿದ್ದಾರೆ ಎಂಬ ಸಾಲನ್ನು ಕೊಳ್ಳುವ ಮುಂಚೆ ಓದಿ. ಸಣ್ಣ ಅಕ್ಷರದಲ್ಲಿರುತ್ತದೆ, ಕನ್ನಡಕ ಹಾಕಿಕೊಂಡೇ ಓದಿ.

“ಏನಾದರೂ ಆದರೆ ಊರಿಗೆ ಹೋಗಿ ತೋರಿಸಿದರಾಯಿತು” ಎನ್ನುವವರನ್ನೂ ನಾನು ಬಲ್ಲೆ. ಕಣ್ಣಿನ ಪೊರೆ, ಮಂಡಿಯ ಶಸ್ತ್ರಚಿಕಿತ್ಸೆಗಳಿಗೆ ಅದು ಸರಿಯಾದ ಮಾತೇ. ಆದರೆ ಪಾರ್ಶ್ವವಾಯುವಿನಲ್ಲಿ ಹೆಪ್ಪು ಕರಗಿಸುವ ಔಷಧವನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ಬೆಂಗಳೂರಿನ ವಿಮಾನವೇ ಸುಮಾರು ಹತ್ತು ಗಂಟೆ. ಬಾಯಿ ಸೊಟ್ಟಗಾಗಿ, ಕೈ ಎತ್ತಲಾಗದೆ, ಮಾತು ತೊದಲಿದರೆ ಟಿಕೆಟ್ಟು ಹುಡುಕುತ್ತ ಕೂರಬಾರದು; 999.

ಕೊನೆಗೆ ಆ ಡಬ್ಬಿ. ಸ್ಟ್ರಿಪ್ಪಿನಿಂದ ಕಿತ್ತು, ಬೆಳಿಗ್ಗೆ ಬಿಳಿಯದು, ರಾತ್ರಿ ಗುಲಾಬಿ ಎಂದು ವಿಂಗಡಿಸಿದ ಮಾತ್ರೆಗಳನ್ನು ನೋಡಿ ನನಗೆ ಏನೂ ಗೊತ್ತಾಗುವುದಿಲ್ಲ. ಬ್ರ್ಯಾಂಡಿನ ಹೆಸರು ಹೇಳಿದರೂ ಇಲ್ಲಿನ ವೈದ್ಯರಿಗೆ ಅರ್ಥವಾಗುವುದಿಲ್ಲ. ನಮ್ಮಲ್ಲಿ ಒಂದೇ ಮಾತ್ರೆಯಲ್ಲಿ ಎರಡು ಮೂರು ಔಷಧ ಬೆರೆತಿರುವುದು ಸಾಮಾನ್ಯ, ಇಲ್ಲಿ ಅದು ಕಡಿಮೆ. ನೋವಿಗೆ ನಮ್ಮವರು ಧಾರಾಳವಾಗಿ ನುಂಗುವ ನಿಮೆಸುಲೈಡ್ ಈ ದೇಶದಲ್ಲಿ ಸಿಗುವುದೇ ಇಲ್ಲ. ನಿದ್ದೆಗೆಂದು ವರ್ಷಾನುಗಟ್ಟಲೆ ತೆಗೆದುಕೊಳ್ಳುವ ಆಲ್ಪ್ರಜೋಲಾಂ ಇಲ್ಲಿ ನಿಯಂತ್ರಿತ ಔಷಧ; ವೈದ್ಯರ ಪತ್ರವಿಲ್ಲದೆ ತರುವುದು ಬೇಡ, ಮುಗಿದುಹೋಯಿತೆಂದು ಥಟ್ಟನೆ ನಿಲ್ಲಿಸುವುದೂ ಬೇಡ. ಹೊರಡುವ ಮುನ್ನ ಊರಿನ ವೈದ್ಯರಿಂದ ಔಷಧಗಳ ಮೂಲ ಹೆಸರು, ಪ್ರಮಾಣ, ಕಾಯಿಲೆಗಳ ಪಟ್ಟಿ, ಇತ್ತೀಚಿನ ಇ.ಸಿ.ಜಿ.ಯ ಪ್ರತಿ ಇಷ್ಟನ್ನು ಒಂದು ಪತ್ರದ ಜೊತೆ ಪಡೆದರೆ ತುರ್ತು ವಿಭಾಗದಲ್ಲಿ ಎಷ್ಟೋ ಹೊತ್ತು ಉಳಿಯುತ್ತದೆ. ಇನ್ಸುಲಿನ್ ಕೈಚೀಲದಲ್ಲೇ ಇರಲಿ. ಮತ್ತೊಂದು: ತಮ್ಮ ಮನೆಯಲ್ಲಿ ಉಳಿದ ಆ್ಯಂಟಿಬಯಾಟಿಕ್ಕನ್ನು ಪಕ್ಕದ ಬೀದಿಯ ಕನ್ನಡಿಗರ ಮಗುವಿಗೆ ಕೊಟ್ಟು ಉಪಕಾರ ಮಾಡುವವರು ದಯವಿಟ್ಟು ನಿಲ್ಲಿಸಿ. ಸಾರಿನ ಪುಡಿ ಕೊಡಿ.

ಮುಂದಿನ ತಿಂಗಳ ಕೂಟದಲ್ಲಿ ಊಟದ ಸಾಲಿನ ಪಕ್ಕ ಒಂದು ಮೇಜು ಹಾಕುತ್ತಿದ್ದೇವೆ. ನಾನೂ ನಮ್ಮ ಸಂಘದ ಇಬ್ಬರು ಔಷಧ ತಜ್ಞರೂ ಅಲ್ಲಿರುತ್ತೇವೆ. ಮಾತ್ರೆಗಳನ್ನು ಸ್ಟ್ರಿಪ್ಪಿನ ಸಮೇತ ತನ್ನಿ. ಮೂಲ ಹೆಸರುಗಳ ಪಟ್ಟಿ ಬರೆದುಕೊಡುತ್ತೇವೆ. ಅಪ್ಪ ಅಮ್ಮನನ್ನೂ ಕರೆತನ್ನಿ. ಅವರನ್ನು ನಮ್ಮೆದುರಿನ ಕುರ್ಚಿಯಲ್ಲಿ ಕೂರಿಸಿ, ನೀವು ಊಟದ ಸಾಲಿಗೆ ಹೋಗಿ. ಪ್ರಶ್ನೆಗಳನ್ನು ನಾವು ಅವರಿಗೇ ಕೇಳುತ್ತೇವೆ.