ಸೌರ ಕಾರಿನ ತಂಡ ಮಂಡ್ಯದಲ್ಲೂ ಹುಟ್ಟಲಿ

ಬೆಂಗಳೂರಿನಲ್ಲಿ ತಯಾರಾಗಿ 2001ರಲ್ಲಿ ರಸ್ತೆಗಿಳಿದ ‘ರೇವಾ’ ವಿದ್ಯುತ್ ಕಾರಿನ ಕಥೆ ಶುರುವಾಗುವುದು ಕಾರ್ಖಾನೆಯಲ್ಲಲ್ಲ, ಕಾಲೇಜಿನಲ್ಲಿ. ಅದರ ರೂವಾರಿ ಚೇತನ್ ಮೈನಿ ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ಓದುವಾಗ ಸೌರ ಕಾರು ಕಟ್ಟುವ ವಿದ್ಯಾರ್ಥಿ ತಂಡದಲ್ಲಿದ್ದರು. 1990ರಲ್ಲಿ ಆ ತಂಡ ಅಮೆರಿಕದ ಓಟ ಗೆದ್ದು, ಆಸ್ಟ್ರೇಲಿಯಾದ ವಿಶ್ವ ಸೌರ ಸ್ಪರ್ಧೆಯಲ್ಲಿ ಮೂರನೆಯದಾಗಿ ಬಂತು.

ಆಸ್ಟ್ರೇಲಿಯಾದ ಈ ಸ್ಪರ್ಧೆ 1987ರಿಂದ ನಡೆಯುತ್ತಿದೆ. ಡಾರ್ವಿನ್‌ನಿಂದ ಅಡಿಲೇಡ್‌ಗೆ ಸುಮಾರು 3,000 ಕಿ.ಮೀ. ದಾರಿ. 2023ರಲ್ಲಿ ಗೆದ್ದ ಬೆಲ್ಜಿಯಂ ವಿದ್ಯಾರ್ಥಿಗಳ ಕಾರು ಗಂಟೆಗೆ ಸರಾಸರಿ 88 ಕಿ.ಮೀ. ಓಡಿತು. ಅದರ ಬೆನ್ನ ಮೇಲಿದ್ದದ್ದು 4 ಚದರ ಮೀಟರ್ ಸೌರಫಲಕ ಮಾತ್ರ. ನೆತ್ತಿಯ ಮೇಲೆ ಸೂರ್ಯನಿದ್ದಾಗಲೂ ಅಷ್ಟು ಫಲಕದಿಂದ ಸಿಗುವುದು ಹೆಚ್ಚೆಂದರೆ ಒಂದು ಕಿಲೊವಾಟ್. ಮಂಡ್ಯ ಜಿಲ್ಲೆಯ ಅರಕೆರೆಯ ಗದ್ದೆಗೆ ನೀರೆತ್ತುವ 5 ಎಚ್‌.ಪಿ. ಪಂಪ್‌ಸೆಟ್‌ಗೆ ಇದರ ನಾಲ್ಕು ಪಟ್ಟು ಬೇಕು!

ಇಷ್ಟು ಕಡಿಮೆ ಶಕ್ತಿಯಲ್ಲಿ ಅಷ್ಟು ದೂರ ಓಡಬೇಕೆಂದರೆ ಮೈಕಟ್ಟು ಗಾಳಿಯನ್ನು ಸೀಳಬೇಕು, ಒಂದೊಂದು ಗ್ರಾಂ ತೂಕಕ್ಕೂ ಲೆಕ್ಕವಿರಬೇಕು, ಬೇರಿಂಗ್ ಸಲೀಸಾಗಿ ತಿರುಗಬೇಕು. ಮುಂದೆ ಮೋಡ ಕವಿದಿದೆಯೆಂದರೆ ಬ್ಯಾಟರಿಯಲ್ಲಿ ಎಷ್ಟು ಉಳಿಸಬೇಕೆಂದು ಈಗಲೇ ತೀರ್ಮಾನಿಸಬೇಕು. ಮೆಕ್ಯಾನಿಕಲ್, ಎಲೆಕ್ಟ್ರಿಕಲ್, ಕಂಪ್ಯೂಟರ್ ಸೈನ್ಸ್ ಎಂಬ ಗೋಡೆಗಳು ಇಲ್ಲಿ ನಿಲ್ಲುವುದಿಲ್ಲ. ದುಡ್ಡು ಕೊಟ್ಟರೆ ಕೊನೆಯ ವರ್ಷದ ಪ್ರಾಜೆಕ್ಟ್ ಸಿದ್ಧವಾಗಿ ಸಿಗುವ ಕಾಲದಲ್ಲಿ, ಕೊಂಡು ತರಲಾಗದ ಕಲಿಕೆ ಇದು.

ಕರ್ನಾಟಕದಲ್ಲಿ ಇದಕ್ಕೆ ಮಾದರಿಯೂ ಇದೆ. ಮಣಿಪಾಲ ಎಂಐಟಿಯ ‘ಸೋಲಾರ್‌ಮೊಬಿಲ್’ ತಂಡ ಟಾಟಾ ಪವರ್ ನೆರವಿನಿಂದ ‘ಸರ್ವ್’ ಎಂಬ ಎರಡು ಸೀಟಿನ ಸೌರ ಕಾರನ್ನು 2015ರಲ್ಲಿ ಹೊರತಂದಿತು.

ಇಂಥ ಕಾರನ್ನು ಯಾರು ಕೊಳ್ಳುತ್ತಾರೆ ಎಂಬ ಪ್ರಶ್ನೆ ನ್ಯಾಯವಾದದ್ದೇ. ನೆದರ್ಲೆಂಡ್ಸ್‌ನ ಐಂಡ್‌ಹೋವನ್ ವಿದ್ಯಾರ್ಥಿ ತಂಡದಿಂದ ಬಂದವರು ಕಟ್ಟಿದ ‘ಲೈಟ್‌ಇಯರ್’ ಕಂಪನಿ ತನ್ನ ದುಬಾರಿ ಸೌರ ಕಾರಿನ ತಯಾರಿಕೆಯನ್ನು 2023ರ ಜನವರಿಯಲ್ಲೇ ನಿಲ್ಲಿಸಬೇಕಾಯಿತು. ಆದರೆ ಮೈನಿಯವರೂ ಸೌರ ಕಾರು ಮಾರಲಿಲ್ಲ. ಕಲಿತ ವಿದ್ಯೆಯಿಂದ ವಿದ್ಯುತ್ ಕಾರು ಮಾಡಿದರು. ಬ್ಯಾಟರಿ, ಮೋಟಾರು, ಕಂಟ್ರೋಲರ್ ಬಲ್ಲವರು ಇವತ್ತಿನ ಎಲೆಕ್ಟ್ರಿಕ್ ಆಟೊ, ಸ್ಕೂಟರ್ ಉದ್ಯಮಕ್ಕೆ ಬೇಕೇ ಬೇಕು. ದೇಶದಲ್ಲೇ ಮೊದಲಿಗೆ, 2017ರಲ್ಲಿ, ವಿದ್ಯುತ್ ವಾಹನ ನೀತಿ ತಂದ ರಾಜ್ಯ ನಮ್ಮದು. ಕಾರ್ಖಾನೆಗಳಿಗೆ ಕೊಡುವ ಪ್ರೋತ್ಸಾಹದಲ್ಲಿ ಚಿಕ್ಕ ಪಾಲು ವಿದ್ಯಾರ್ಥಿ ತಂಡಗಳಿಗೂ ಸಲ್ಲಬೇಕು.

ಮಂಡ್ಯದಲ್ಲಿ ಪಿಇಎಸ್ ಎಂಜಿನಿಯರಿಂಗ್ ಕಾಲೇಜಿದೆ, ನಾಗಮಂಗಲ ತಾಲ್ಲೂಕಿನ ಬಿ.ಜಿ. ನಗರದಲ್ಲಿ ಆದಿಚುಂಚನಗಿರಿ ವಿಶ್ವವಿದ್ಯಾಲಯವಿದೆ. ರೈತರ ಮಕ್ಕಳು ಓದುವ ಈ ಕಡೆ ಬಿಸಿಲಿಗೂ ಬರವಿಲ್ಲ, ಮೋಟಾರು ಬಿಚ್ಚಿ ಕಟ್ಟುವ ಕೈಗಳಿಗೂ ಬರವಿಲ್ಲ. ಎರಡೂ ಸಂಸ್ಥೆಗಳು ಸೇರಿ ಒಂದು ತಂಡ ಕಟ್ಟಲಿ. ಅಲ್ಲಿ ದುಡಿದ ಹೊತ್ತಿಗೆ ಅಂಕ ಕೊಡಲಿ, ಶೆಡ್ಡಿಗೆ ಜಾಗ ಕೊಡಲಿ.